ಲಾಟರಿ ಹೊಡೆದರೆ ಮೊದಲು ಏನು ಮಾಡುವಿರಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕುರಿತವು: ದೊಡ್ಡ ಹಣ ಒಮ್ಮೆಲೇ ಕೈಗೆ ಬಂದರೆ ಏನು ಮಾಡಬೇಕು? ಹೆಚ್ಚಿನವರಿಗೆ ಅದು ಲಾಟರಿಯ ಕನಸು. ಒಬ್ಬ ಹಿರಿಯರಿಗೆ ಮಾತ್ರ ಅದು ಹೊಲ ಬಿಟ್ಟುಕೊಟ್ಟದ್ದಕ್ಕೆ ಬರಲಿರುವ ಹಣ. ಐದು ಪತ್ರಗಳನ್ನು ಇಲ್ಲಿ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮನೆಯವರು ಬೇರೆಯವರ ಪವರ್‌ಲೂಮ್‌ನಲ್ಲಿ ಕೂಲಿ ನೇಕಾರರು. ರಾತ್ರಿ ಊಟವಾದ ಮೇಲೆ ‘ಲಾಟರಿ ಹೊಡೀತಂದ್ರ ಮೊದಲ ಏನ್ ಮಾಡೂಣು’ ಎಂದು ದಿನಾಲೂ ಮಾತು ತೆಗೆಯುತ್ತಾರೆ. ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಂತೆ ಅರವತ್ತು ಸಾವಿರಕ್ಕೆ ಒತ್ತೆ ಇಟ್ಟ ನನ್ನ ಬೋರಮಾಳ ಸರ ಬಿಡಿಸುವುದು, ನಮ್ಮ ಅತ್ತೆಯ ಕಣ್ಣಿನ ಪೊರೆ ತೆಗೆಸುವುದು, ಸ್ವಂತದ ಎರಡು ಮಗ್ಗ, ನಾದಿನಿಗೆ ಇಳಕಲ್ ಸೀರೆ, ಆಮೇಲೆ ಎಲ್ಲರೂ ಕೂಡಿ ಶ್ರೀಶೈಲಕ್ಕೆ ಹೋಗುವುದು, ಇದು ಅವರ ಪಟ್ಟಿ. ಗಡಿಯಾಚೆಯಿಂದ ಟಿಕೆಟ್ ತಂದು ಮಾರುವವರಿಗೆ ವಾರಕ್ಕೆ ಇನ್ನೂರು ರೂಪಾಯಿ ಕೊಡುತ್ತಾರೆ. ಮೊದಲು ನಗು ಬರುತ್ತಿತ್ತು, ಈಗ ಸಿಟ್ಟು ಬರುತ್ತದೆ. ಈ ಹುಚ್ಚು ಬಿಡಿಸುವುದು ಹೇಗೆ?
- ಹೆಸರು ಬೇಡ, ರಬಕವಿ

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಸೇರಿಕೊಂಡಿವೆ. ವಾರಕ್ಕೆ ಇನ್ನೂರರ ಟಿಕೆಟ್ ಒಂದು, ಊಟವಾದ ಮೇಲಿನ ಮಾತು ಇನ್ನೊಂದು. ಟಿಕೆಟ್ ನಿಲ್ಲಬೇಕು, ಮಾತು ನಿಲ್ಲಬಾರದು ಎಂದೇ ನನಗೆ ಅನಿಸುತ್ತದೆ.

ನಿಮ್ಮವರ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಬಂಗಲೆ ಇಲ್ಲ, ಕಾರಿಲ್ಲ, ತನಗೆಂದು ಅವರು ಕೇಳಿದ್ದು ದುಡಿಯಲು ಎರಡು ಮಗ್ಗ ಮಾತ್ರ. ಹೆಂಡತಿಯ ಕೊರಳಿನ ಸರ, ಹಡೆದವ್ವನ ಕಣ್ಣು, ಒಡಹುಟ್ಟಿದವಳಿಗೊಂದು ಸೀರೆ, ಇವೆಲ್ಲ ‘ನಾನು ಇವರಿಗೆ ಬಾಕಿ ಇದ್ದೇನೆ’ ಎಂಬ ಸಂಕಟದಿಂದ ಹುಟ್ಟಿದ ಆಸೆಗಳು. ದಿನವಿಡೀ ಮಗ್ಗದ ಸದ್ದಿನಲ್ಲಿ ನಿಂತು ಬಂದ ಗಂಡಸಿಗೆ ‘ನಿನ್ನ ಸರ ಬಿಡಿಸಿಕೊಡಲು ಆಗಲಿಲ್ಲ’ ಎಂದು ಹೆಂಡತಿಯ ಮುಖ ನೋಡಿ ಹೇಳಲು ಬಾಯಿ ಬರುವುದಿಲ್ಲ, ‘ಲಾಟರಿ ಹೊಡೀತಂದ್ರ ಮೊದಲ ನಿನ್ನ ಸರ’ ಎಂದು ಹೇಳಲು ಬರುತ್ತದೆ. ಮಕ್ಕಳ ಮುಂದೆ ಆಡುವ ಆ ಮಾತಿನಲ್ಲಿ ಮನೆಯ ಪ್ರತಿಯೊಬ್ಬರ ಕೊರತೆಯೂ ಅವರಿಗೆ ಗೊತ್ತಿದೆ ಎಂಬುದು ಕಾಣುತ್ತದೆ. ಆದ್ದರಿಂದ ಅದನ್ನು ಹುಚ್ಚು ಎನ್ನಬೇಡಿ.

ಒಂದು ರಾತ್ರಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಆ ಪಟ್ಟಿಯನ್ನು ಅವರ ಕೈಯಿಂದಲೇ ಬರೆಸಿ, ಒಂದೊಂದರ ಮುಂದೆಯೂ ನಿಜವಾಗಿ ತಗಲುವ ಹಣವನ್ನು ಬರೆಸಿ. ಕೋಟಿಯ ಕನಸು ಕಾಣುವ ಮನೆಗಳಲ್ಲಿ ಹೀಗೆ ಬರೆಸಿದಾಗೆಲ್ಲ ಮೊದಲ ನಾಲ್ಕೈದು ಸಾಲುಗಳ ಮೊತ್ತ ಕೋಟಿಯ ಹತ್ತಿರವೂ ಸುಳಿಯದ್ದನ್ನು ನಾನು ಕಂಡಿದ್ದೇನೆ.

ನಿಮ್ಮ ಅತ್ತೆಯವರ ಕಣ್ಣನ್ನೇ ತೆಗೆದುಕೊಳ್ಳಿ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ನಮ್ಮ ದೇಶದಲ್ಲಿ 1976ರಿಂದ ನಡೆದುಬಂದಿದೆ. ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಒಳಗೆ ಕೂರಿಸುವ ಲೆನ್ಸ್ ಸಹಿತ ಉಚಿತವಾಗಿ ಮಾಡುತ್ತಾರೆ. ಹಣದ ಅಗತ್ಯವೇ ಇಲ್ಲದ ಕೆಲಸವೊಂದು ನಿಮ್ಮ ಮನೆಯಲ್ಲಿ ಲಾಟರಿಯ ಹಾದಿ ಕಾಯುತ್ತ ಕುಳಿತಿದೆ ಎಂಬುದನ್ನು ಓದಿ ನನಗೆ ನಿಜಕ್ಕೂ ನೋವಾಯಿತು. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ನಾಳೆಯೇ ಕೇಳಿ. ತಾಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿದರೆ ಶಸ್ತ್ರಚಿಕಿತ್ಸೆ ಎಲ್ಲಿ, ಯಾವಾಗ ಎಂದು ಅವರೇ ತಿಳಿಸುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಮೊದಲೇ ಹೇಳಿ.

ಇನ್ನು ಬೋರಮಾಳ. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ಅರವತ್ತು ಸಾವಿರಕ್ಕೆ ತಿಂಗಳಿಗೆ 1,800 ರೂಪಾಯಿ ಬಡ್ಡಿಯಾಗಿಯೇ ಹೋಗುತ್ತದೆ, ಅಸಲು ಒಂದು ಪೈಸೆಯೂ ಕರಗುವುದಿಲ್ಲ. ನಮ್ಮ ರಾಜ್ಯದಲ್ಲಿ ಪರವಾನಗಿ ಇರುವ ಲೇವಾದೇವಿದಾರರು ಒತ್ತೆ ಇಟ್ಟುಕೊಂಡು ಕೊಡುವ ಸಾಲಕ್ಕೆ ವರ್ಷಕ್ಕೆ ಶೇ 14ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ ಎಂಬುದು ನಿಮಗೆ ಗೊತ್ತಿರಲಿ. ಅದೇ ಸರ ಬ್ಯಾಂಕಿನಲ್ಲಿದ್ದು ಬಡ್ಡಿ ವರ್ಷಕ್ಕೆ ಶೇ 10 ಎಂದು ಹಿಡಿದರೆ ಮೊದಲ ತಿಂಗಳ ಬಡ್ಡಿ 500 ರೂಪಾಯಿ. ಈಗ ಬಡ್ಡಿಗೆ ಹೋಗುವ 1,800 ಮತ್ತು ಟಿಕೆಟ್ಟಿಗೆ ಹೋಗುವ 800, ಕೂಡಿ 2,600 ರೂಪಾಯಿಯನ್ನು ತಪ್ಪದೆ ತಿಂಗಳಿಗೊಮ್ಮೆ ಬ್ಯಾಂಕಿಗೆ ಕಟ್ಟುತ್ತ ಹೋದರೆ ಇಪ್ಪತ್ತಾರು ತಿಂಗಳೊಳಗೆ ಸರ ನಿಮ್ಮ ಕೊರಳಿಗೆ ಬರುತ್ತದೆ. ತೊಡಕು ಇರುವುದು ಒಂದೇ ಕಡೆ: ಸರ ಬಿಡಿಸದೆ ಬ್ಯಾಂಕಿಗೆ ಒಯ್ಯಲಾಗದು, ಬ್ಯಾಂಕಿನ ಹಣ ಸಿಗದೆ ಬಿಡಿಸಲಾಗದು. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿಯೋ ನಂಬಿಕೆಯ ಸಂಬಂಧಿಕರಲ್ಲಿಯೋ ಒಂದೆರಡು ದಿನದ ಮಟ್ಟಿಗೆ ಕೈಗಡ ಕೇಳಿ. ಬೆಳಿಗ್ಗೆ ಸರ ಬಿಡಿಸಿ ಅಂದೇ ಬ್ಯಾಂಕಿನಲ್ಲಿ ಇಟ್ಟರೆ ಕೈಗಡ ಸಂಜೆಗೇ ತೀರುತ್ತದೆ. ಈಗಿನ ಚಿನ್ನದ ಬೆಲೆಗೆ ಸರದ ತೂಕ ಸಾಕಾಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಂಡು ಬನ್ನಿ.

ಮಗ್ಗದ ಮಾತು ದೊಡ್ಡದು, ಅದಕ್ಕೆ ಬಂಡವಾಳ ಬೇಕೇ ಬೇಕು. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಆಸ್ತಿ ಅಡವಿಡದೆ ಸಾಲ ಸಿಗುತ್ತದೆ. ಅದರ ಕಿಶೋರ್ ವರ್ಗದ ಮಿತಿ 5 ಲಕ್ಷ ರೂಪಾಯಿ. ಆದರೆ ಸರದ ಸಾಲ ತೀರುವವರೆಗೆ ಹೊಸ ಸಾಲಕ್ಕೆ ಕೈ ಹಾಕಬೇಡಿ. ಆಮೇಲೂ ಎರಡರ ಬದಲು ಒಂದೇ ಮಗ್ಗದಿಂದ, ಸಾಹುಕಾರರ ನೂಲು ಪಡೆದು ಮಜೂರಿಯ ಮೇಲೆ ನೇಯುವುದರಿಂದ ಆರಂಭಿಸಿದರೆ ನೂಲಿನ ದರ ಏರಿಳಿದಾಗ ಪೆಟ್ಟು ನಿಮ್ಮ ಮೇಲೆ ಬೀಳುವುದಿಲ್ಲ. ಸೀರೆ ಮತ್ತು ಶ್ರೀಶೈಲದ ವಿಷಯದಲ್ಲಿ ನಾನು ಹೇಳುವುದೇನೂ ಇಲ್ಲ. ಯುಗಾದಿಯ ಹೊತ್ತಿಗೆ ನಮ್ಮ ಕಡೆಯಿಂದ ಎಷ್ಟೋ ಜನ ಕೈಯಲ್ಲಿ ಹೆಚ್ಚು ಕಾಸಿಲ್ಲದೆಯೇ ನಡೆದು ಹೋಗಿ ಮಲ್ಲಯ್ಯನ ದರ್ಶನ ಮಾಡಿ ಬರುವುದನ್ನು ನೀವೂ ಬಲ್ಲಿರಿ.

ಟಿಕೆಟ್ಟಿನ ಬಗ್ಗೆ ಅವರಿಗೆ ಸಿಟ್ಟಿನಿಂದಲ್ಲದೆ ಸಮಾಧಾನದಿಂದ ಹೇಳಬೇಕಾದ ಮಾತು ಇದು: ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಇಲ್ಲಿ ಕದ್ದು ಮಾರುವ ಟಿಕೆಟ್ ನಿಜವಾದದ್ದೋ ನಕಲಿಯೋ ಕೇಳುವವರಿಲ್ಲ. ಬಹುಮಾನ ಬಂದಿತೆಂದೇ ಇಟ್ಟುಕೊಂಡರೂ ಮಾರಿದವನ ಮೇಲೆ ನಿಮಗೆ ಯಾವ ಹಿಡಿತವೂ ಇರುವುದಿಲ್ಲ. ಇಂಥ ಕೊಡು-ಕೊಳ್ಳುವಿಕೆಯ ಪಕ್ಕದಲ್ಲೇ ಓಸಿ, ಅಂದರೆ ಅಂಕಿಗಳ ಮೇಲೆ ಹಣ ಕಟ್ಟುವ ಜೂಜು, ಬರೆಯುವವರೂ ಇರುತ್ತಾರೆ. ಇನ್ನೂರು ಐನೂರಾಗುವುದು ಅಲ್ಲಿಂದಲೇ.

ಪ್ರಶ್ನೆ: ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಲಾಟರಿ ಹೊಡೆದವರು ಸುಖವಾಗಿರುವುದಿಲ್ಲ’ ಎಂಬ ಮಾತಿನ ಪರವಾಗಿ ನಾನು ಮಾತನಾಡಬೇಕಾಗಿದೆ. ಇದು ಸಂಶೋಧನೆಯಿಂದ ಸಿದ್ಧವಾದ ಮಾತೇ?
- ಬಿ.ಎ. ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಅರ್ಧ ಮಾತ್ರ. ಈ ಮಾತಿಗೆ ಆಧಾರವಾಗಿ ಎಲ್ಲರೂ ಎತ್ತಿಹೇಳುವುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲಾಟರಿ ಗೆದ್ದವರನ್ನು ಕುರಿತ 1978ರ ಒಂದು ಅಧ್ಯಯನವನ್ನು. ಬ್ರಿಕ್‌ಮನ್ ಮತ್ತು ಜೊತೆಗಾರರ ಆ ಅಧ್ಯಯನದಲ್ಲಿ ಗೆದ್ದವರು ಉಳಿದವರಿಗಿಂತ ಹೆಚ್ಚು ಸಂತೋಷವಾಗಿರಲಿಲ್ಲ, ದಿನನಿತ್ಯದ ಸಣ್ಣ ಸಂಗತಿಗಳಲ್ಲಿ ಅವರಿಗೆ ಸಿಗುವ ಖುಷಿಯೂ ಕಡಿಮೆಯಾಗಿತ್ತು. ಆದರೆ ಅಲ್ಲಿ ಮಾತನಾಡಿಸಿದ್ದು ಕೇವಲ 22 ಜನ ವಿಜೇತರನ್ನು. ಸ್ವೀಡನ್ನಿನಲ್ಲಿ ಸಾವಿರಾರು ಜನರನ್ನು ಒಳಗೊಂಡು ನಡೆದು 2020ರಲ್ಲಿ ಪ್ರಕಟವಾದ ಲಿಂಡ್‌ಕ್ವಿಸ್ಟ್, ಓಸ್ಟ್ಲಿಂಗ್ ಮತ್ತು ಸೆಸರಿನಿ ಅವರ ಅಧ್ಯಯನ ಬೇರೆಯದನ್ನೇ ಹೇಳುತ್ತದೆ: ದೊಡ್ಡ ಬಹುಮಾನ ಪಡೆದವರಿಗೆ ತಮ್ಮ ಬದುಕಿನ ಬಗೆಗಿನ ತೃಪ್ತಿ ಹೆಚ್ಚಿತು, ಹತ್ತು ವರ್ಷ ಕಳೆದ ಮೇಲೂ ಅದು ಇಳಿಯಲಿಲ್ಲ. ದಿನದಿನದ ಸಂತೋಷದ ಮೇಲೆ, ಮನಸ್ಸಿನ ಆರೋಗ್ಯದ ಮೇಲೆ ಮಾತ್ರ ಅಷ್ಟು ಪರಿಣಾಮ ಕಾಣಲಿಲ್ಲ.

ನೀವು ಪರವಾಗಿ ಮಾತನಾಡುವುದಾದರೂ ಈ ಎರಡನೆಯದನ್ನು ಮುಚ್ಚಿಡಬೇಡಿ. ‘ಹಣದಿಂದ ಸುಖವಿಲ್ಲ’ ಎಂಬ ಮಾತನ್ನು ಬಡ್ಡಿ ಕಟ್ಟಲಾಗದ ಮನೆಯವರ ಮುಂದೆ ಹೇಳಲು ನನಗಂತೂ ಮನಸ್ಸು ಬರುವುದಿಲ್ಲ. ಹಣ ಸುಖ ಕೊಡುತ್ತದೆಯೇ ಎಂಬುದಕ್ಕಿಂತ ಆ ಹಣ ಟಿಕೆಟ್ಟಿನಿಂದ ಬರುತ್ತದೆಯೇ ಎಂದು ಕೇಳಿದರೆ ನಿಮ್ಮ ವಾದಕ್ಕೆ ಬಲ ಹೆಚ್ಚು. ಕೇರಳ ಸರ್ಕಾರದ ತಿರುವೋಣಂ ಬಂಪರ್ ಲಾಟರಿಯಲ್ಲಿ ಮೊದಲ ಬಹುಮಾನ 25 ಕೋಟಿ, ಟಿಕೆಟ್ಟಿನ ಬೆಲೆ 500 ರೂಪಾಯಿ. 2024ರಲ್ಲಿ ಅದು ಕರ್ನಾಟಕದವರೊಬ್ಬರಿಗೇ ಬಂದಾಗ ನಮ್ಮಲ್ಲಿ ಎಷ್ಟೋ ಜನರಿಗೆ ಆಸೆ ಚಿಗುರಿತು. ಆ ಸಲ ಮಾರಾಟವಾದ ಟಿಕೆಟ್ಟುಗಳು 70 ಲಕ್ಷಕ್ಕೂ ಹೆಚ್ಚು. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯಲ್ಲಿ ಸುಮಾರು 47.8 ಲಕ್ಷ, ವಿಜಯಪುರ ಜಿಲ್ಲೆಯಲ್ಲಿ ಸುಮಾರು 21.8 ಲಕ್ಷ ಜನ. ತೊಟ್ಟಿಲ ಕೂಸಿನಿಂದ ಹಣ್ಣು ಮುದುಕರವರೆಗೆ ಈ ಎರಡೂ ಜಿಲ್ಲೆಗಳ ಪ್ರತಿಯೊಬ್ಬರ ಕೈಗೂ ಒಂದೊಂದು ಟಿಕೆಟ್ ಕೊಟ್ಟು, ಅವರಲ್ಲಿ ಒಬ್ಬರನ್ನು ಮಾತ್ರ ಕರೆದಂತೆ.

ಪ್ರಶ್ನೆ: ವ್ಯಾಪಾರಕ್ಕಾಗಿ ಮಹಾರಾಷ್ಟ್ರಕ್ಕೆ ಹೋದಾಗ ಅಲ್ಲಿಯ ಸರ್ಕಾರಿ ಲಾಟರಿ ಕೊಳ್ಳುತ್ತೇನೆ. 1 ಕೋಟಿ ಬಂದರೆ ಪೂರ್ತಿ ಸಿಗುತ್ತದೆಯೇ? ಐವರು ಗೆಳೆಯರಿಗೆ ಲಕ್ಷ ಲಕ್ಷ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ.
- ಕಿರಾಣಿ ವ್ಯಾಪಾರಿ, ನಿಪ್ಪಾಣಿ

ಉತ್ತರ: ಲಾಟರಿ ನಡೆಸುವ ರಾಜ್ಯಕ್ಕೆ ಹೋಗಿ ಅಧಿಕೃತ ಮಾರಾಟಗಾರರಿಂದ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ತಂದು ನಿಪ್ಪಾಣಿಯಲ್ಲಿ ಮಾರಿದರೆ ಅಪರಾಧವಾಗುತ್ತದೆ. ಹಣ ಮಾತ್ರ ಪೂರ್ತಿ ಸಿಗುವುದಿಲ್ಲ. ಲಾಟರಿಯ ಬಹುಮಾನಕ್ಕೆ ನೇರವಾಗಿ ಶೇ 30ರಷ್ಟು ಆದಾಯ ತೆರಿಗೆ. ಸಂಬಳಕ್ಕೋ ವ್ಯಾಪಾರಕ್ಕೋ ಇರುವ ವಿನಾಯಿತಿ ಮಿತಿ, ಉಳಿತಾಯದ ಕಡಿತ ಯಾವುದೂ ಇದಕ್ಕೆ ಅನ್ವಯಿಸದು. ಬೇರೆ ಆದಾಯವಿಲ್ಲದವರಿಗೆ 1 ಕೋಟಿಯ ಲೆಕ್ಕ ಹೀಗಾಗುತ್ತದೆ: ತೆರಿಗೆ 30 ಲಕ್ಷ, ಅದರ ಮೇಲೆ ಶೇ 10ರ ಸರ್ಚಾರ್ಜ್ 3 ಲಕ್ಷ, ಈ 33 ಲಕ್ಷದ ಮೇಲೆ ಶೇ 4ರ ಸೆಸ್ 1.32 ಲಕ್ಷ. ಒಟ್ಟು 34.32 ಲಕ್ಷ ಹೋಗಿ 65.68 ಲಕ್ಷ ಉಳಿಯುತ್ತದೆ. ನಿಮ್ಮ ಅಂಗಡಿಯ ಆದಾಯ ಸೇರಿ ಒಟ್ಟು 1 ಕೋಟಿ ದಾಟಿದರೆ ಸರ್ಚಾರ್ಜಿನ ದರವೂ ಏರುತ್ತದೆ.

ಹಲವರು ಎಡವುವ ಜಾಗ ಇನ್ನೊಂದಿದೆ. ಬಹುಮಾನ ಕೊಡುವಾಗ ಮುರಿದುಕೊಳ್ಳುವುದು ಶೇ 30 ಮಾತ್ರ. ಮೇಲಿನ ಲೆಕ್ಕದಲ್ಲಿ ಉಳಿದ 4.32 ಲಕ್ಷವನ್ನು ನೀವೇ ಕಟ್ಟಬೇಕು. ಖಾತೆಗೆ ಬಂದ 70 ಲಕ್ಷವೂ ತನ್ನದೆಂದು ಖರ್ಚು ಮಾಡಿ ಕುಳಿತವರಿಗೆ ಇಲಾಖೆಯ ನೋಟಿಸ್ ಬಂದಾಗ ಕೈ ಬರಿದಾಗಿರುತ್ತದೆ. ಕೇರಳದ ಲಾಟರಿಯಾದರೆ ಬಹುಮಾನದ ಮೊತ್ತದಲ್ಲೇ ಏಜೆಂಟರ ಕಮಿಷನ್ ಬೇರೆ ಹೋಗುತ್ತದೆ.

ಗೆಳೆಯರ ವಿಷಯ. ಹೆಂಡತಿ, ಮಕ್ಕಳು, ಒಡಹುಟ್ಟಿದವರಂಥ ಹತ್ತಿರದ ಸಂಬಂಧಿಕರಿಗೆ ಕೊಟ್ಟರೆ ಪಡೆದವರಿಗೆ ತೆರಿಗೆಯಿಲ್ಲ. ಗೆಳೆಯನಿಗೆ ವರ್ಷದಲ್ಲಿ 50,000 ರೂಪಾಯಿ ದಾಟಿ ಕೊಟ್ಟರೆ ಪೂರ್ತಿ ಮೊತ್ತ ಅವನ ಆದಾಯಕ್ಕೆ ಸೇರುತ್ತದೆ. ಗೆಳೆಯರೆಲ್ಲ ಹಣ ಕೂಡಿಸಿ ಟಿಕೆಟ್ ಕೊಳ್ಳುವುದಾದರೆ ಯಾರ ಪಾಲು ಎಷ್ಟು ಎಂದು ಚೀಟಿ ಬರೆದು ಎಲ್ಲರೂ ಸಹಿ ಹಾಕಿ. ಈ ಬರಹ ಡ್ರಾ ಆಗುವ ಮೊದಲೇ ಆಗಿರಬೇಕು.

ಪ್ರಶ್ನೆ: ನನ್ನ ವಾಟ್ಸಾಪ್‌ಗೆ 25 ಲಕ್ಷದ ಲಾಟರಿ ಬಂದಿದೆಯೆಂಬ ಪತ್ರ, ಒಂದು ಚೆಕ್ಕಿನ ಫೋಟೊ ಬಂದಿವೆ. ಮೊದಲು 12,500 ರೂಪಾಯಿ ಕಟ್ಟಬೇಕಂತೆ. ಕಟ್ಟಲೇ?
- ಓದುಗ, ಇಂಡಿ

ಉತ್ತರ: ಕಟ್ಟಬೇಡಿ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೊಳ್ಳದ ಟಿಕೆಟ್ಟಿಗೆ ಬಹುಮಾನ ಬರುವುದಿಲ್ಲ, ನಿಜವಾದ ಲಾಟರಿಯಲ್ಲಿ ತೆರಿಗೆಯನ್ನು ಬಹುಮಾನದಿಂದಲೇ ಮುರಿಯುತ್ತಾರೆಯೇ ಹೊರತು ಗೆದ್ದವರಿಂದ ಮುಂಗಡ ಕೇಳುವುದಿಲ್ಲ. ಆಧಾರ್, ಪಾಸ್‌ಬುಕ್ಕಿನ ಫೋಟೊ ಕಳಿಸಬೇಡಿ, ಓಟಿಪಿ ಹೇಳಬೇಡಿ. ಈಗಾಗಲೇ ಹಣ ಹಾಕಿದ್ದರೆ ನಾಚಿಕೆಪಡದೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಪ್ರಶ್ನೆ: ನನಗೆ ಅರವತ್ಮೂರು ವರ್ಷ. ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿರುವ, ನಮ್ಮ ಅಜ್ಜನ ಕಾಲದ ನಾಲ್ಕು ಎಕರೆ ನೀರಾವರಿ ಹೊಲ ಮುಳುಗಡೆಯ ಪಟ್ಟಿಯಲ್ಲಿದೆ. ಊರಿನವರು ‘ಕಾಕಾ, ನಿಮಗ ಲಾಟರಿ ಹೊಡೀತು ಬಿಡ್ರಿ’ ಎನ್ನುತ್ತಾರೆ. ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದೊಡ್ಡ ಮಗ ಟ್ರ್ಯಾಕ್ಟರ್ ಮತ್ತು ಕಾರು ಎನ್ನುತ್ತಾನೆ, ಸಣ್ಣವನು ಬಾಗಲಕೋಟೆಯ ನವನಗರದಲ್ಲಿ ಪ್ಲಾಟ್ ಎನ್ನುತ್ತಾನೆ. ಸಂಬಂಧಿಕರೊಬ್ಬರು ಸೌಹಾರ್ದ ಸಹಕಾರಿಯಲ್ಲಿ ಹೆಚ್ಚಿನ ಬಡ್ಡಿಗೆ ಠೇವಣಿ ಇಡಿ ಎನ್ನುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಕೊಟ್ಟ ಮನೆಯಲ್ಲಿದ್ದಾರೆ. ಏನು ಮಾಡಲಿ?
- ರೈತ, ಬೀಳಗಿ ತಾಲೂಕು

ಉತ್ತರ: ಹಿರಿಯರೇ, ನಿಮ್ಮ ಸಂಕಟ ಸರಿಯಾದದ್ದು. ಲಾಟರಿ ಹೊಡೆದವನ ಹೊಲ ಮರುದಿನವೂ ಅಲ್ಲಿಯೇ ಇರುತ್ತದೆ, ನಿಮ್ಮದು ಇರುವುದಿಲ್ಲ. ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿತು. ಮುಳುಗಡೆಯಾಗುವ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಹೊಲಕ್ಕೆ 30 ಲಕ್ಷ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಆ ದರದಲ್ಲಿ ನಿಮ್ಮ ನಾಲ್ಕು ಎಕರೆಗೆ 1.6 ಕೋಟಿ. ನೋಡಲು ದೊಡ್ಡ ಮೊತ್ತವೇ. ಆದರೆ ಅದು ಮೂರು ತಲೆಮಾರು ಉಣಿಸಿದ ಭೂಮಿಯ ಬೆಲೆ, ಇನ್ನೂ ಹುಟ್ಟದ ಮೊಮ್ಮಕ್ಕಳ ಜೋಳವೂ ಅದರಲ್ಲಿದೆ. ಹಳೆಯ ಬಾಗಲಕೋಟೆ ಮುಳುಗಿದ ಕಾಲದಲ್ಲಿ ಕಂತು ಕಂತಾಗಿ ಬಂದ ಪರಿಹಾರ ಮದುವೆ, ಮೋಟರ್ ಸೈಕಲ್ಲು, ಕಟ್ಟಡಗಳಲ್ಲಿ ಕರಗಿ, ಹೊಲದ ಒಡೆಯರು ಕೂಲಿಗೆ ಹೋದ ಮನೆಗಳನ್ನು ನಿಮ್ಮ ಸುತ್ತಲಿನ ಪುನರ್ವಸತಿ ಕೇಂದ್ರಗಳಲ್ಲಿ ನೀವೇ ನೋಡಿರುತ್ತೀರಿ. ಗಂಡುಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ ಅಂಥ ಒಬ್ಬ ಹಿರಿಯರ ಎದುರು ಕೂರಿಸಿ, ನನ್ನ ಮಾತಿಗಿಂತ ಅವರ ಮಾತು ನಾಟುತ್ತದೆ.

ಹೊಲದ ಹಣದಲ್ಲಿ ಮೊದಲು ಹೊಲ ಬರಲಿ. ನಾಲ್ಕು ಎಕರೆ ಸಿಗದಿದ್ದರೆ ನೀರಿನ ಆಸರೆಯಿರುವ ಎರಡೇ ಎಕರೆ ಸಾಕು. ಪರಿಹಾರದ ಸುದ್ದಿ ಹಬ್ಬಿದೊಡನೆ ಅಕ್ಕಪಕ್ಕದ ಜಮೀನಿನ ದರ ಏರುವುದು ಸಹಜವಾದ್ದರಿಂದ ಅವಸರ ಬೇಡ, ಸ್ವಲ್ಪ ದೂರದ ಊರುಗಳಲ್ಲೂ ನೋಡಿ. ಉತಾರ (ಪಹಣಿ), ಋಣಭಾರ ಪತ್ರ ಪರಿಶೀಲಿಸದೆ ಮುಂಗಡ ಕೊಡಬೇಡಿ. ಟ್ರ್ಯಾಕ್ಟರ್ ಬೇಕೋ ಬೇಡವೋ ಎಂಬುದು ಹೊಲ ಬಂದ ಮೇಲಿನ ಮಾತು. ಕಾರಿನ ಆಸೆಯನ್ನು ದೊಡ್ಡ ಮಗ ತನ್ನ ದುಡಿಮೆಯಿಂದ ತೀರಿಸಿಕೊಳ್ಳಲಿ.

ಹೊಲ ಸಿಗುವವರೆಗೆ ಹಣ ರಾಷ್ಟ್ರೀಕೃತ ಬ್ಯಾಂಕಿನಲ್ಲಿರಲಿ. ಸೌಹಾರ್ದ ಸಹಕಾರಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ, ಸಹಕಾರಿ ಬ್ಯಾಂಕುಗಳಿಗೂ ಅದು ಉಂಟು. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದಗಳಿಗೆ ಈ ವಿಮೆ ಇಲ್ಲ. ಅವುಗಳಲ್ಲಿ ಚೆನ್ನಾಗಿ ನಡೆಯುವವು ಎಷ್ಟೋ ಇವೆ. ಆದರೂ ಹೊಲ ಕಳೆದುಕೊಂಡವರ ಹಣಕ್ಕೆ ಅದು ಜಾಗವಲ್ಲ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಲು ಅವಕಾಶವಿದೆ. 2025ರಲ್ಲಿದ್ದ ಶೇ 8.2ರ ದರದಂತೆ ಪೂರ್ತಿ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ನೀವಿಬ್ಬರೂ ಮುಪ್ಪಿನಲ್ಲಿ ಮಕ್ಕಳ ಮುಂದೆ ಕೈಯೊಡ್ಡದೆ ಇರಲು ಅಷ್ಟು ಸಾಕಾದೀತು. 2013ರ ಭೂಸ್ವಾಧೀನ ಕಾಯ್ದೆಯಡಿ ಬರುವ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ, ತೆರಿಗೆ ತಪ್ಪಿಸಿಕೊಡುತ್ತೇನೆಂದು ಪರ್ಸಂಟೇಜ್ ಕೇಳುವವರು ಬಂದರೆ ಬಾಗಿಲಿಂದಲೇ ಕಳಿಸಿ. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡುವ ಮೊದಲು ಒಬ್ಬ ವಕೀಲರಿಗೆ ತೋರಿಸಿ.

ಹೆಣ್ಣುಮಕ್ಕಳ ಹೆಸರನ್ನು ನೀವು ಪತ್ರದ ಕೊನೆಗೆ ಬರೆದಿದ್ದೀರಿ, ಅವರು ಏನು ಕೇಳಿದರೆಂದು ಬರೆದಿಲ್ಲ. ಬಹುಶಃ ಅವರನ್ನು ಇನ್ನೂ ಯಾರೂ ಕೇಳಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ, ಮದುವೆಯಾಯಿತೆಂದು ಅದು ಹೋಗುವುದಿಲ್ಲ. ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಇನ್ನಷ್ಟು ಖಚಿತಪಡಿಸಿದೆ. ಇಂಥ ಹೊತ್ತಿನಲ್ಲಿ ಅಣ್ಣತಮ್ಮಂದಿರು ಹಬ್ಬಕ್ಕೆ ಕರೆದು, ಉಡಿ ತುಂಬಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ನಡೆದುಕೊಂಡು ಬಂದಿದೆ. ತವರು ತಪ್ಪೀತೆಂಬ ಅಂಜಿಕೆಗೆ ಅವರೂ ಸಹಿ ಹಾಕುತ್ತಾರೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ. ಅವರ ಪಾಲು ಅಳಿಯಂದಿರ ಖಾತೆಗೂ ಹೋಗದೆ ಅವರವರ ಹೆಸರಿನ ಖಾತೆಗೇ ಹೋಗಲಿ. ದೊಡ್ಡ ಮಗನಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಕ್ಕಿಲ್ಲ. ಹಣ ಬಂದ ಮೇಲೆ ಹೇಳಿದರೆ ಜಗಳವಾಗುತ್ತದೆ, ಆದ್ದರಿಂದ ಈಗಲೇ ನಾಲ್ವರನ್ನೂ ಒಟ್ಟಿಗೆ ಕೂಡಿಸಿ ನೀವೇ ಬಾಯಿಬಿಟ್ಟು ಹೇಳಿ.